ಗುಂಡಿ ಮುಚ್ಚಿದ ಗಾಲ್ಫ್ ಚೆಂಡು

"ಎರಡೂ ನುಣ್ಣಗ ಮಾಡೇನಿ ನೋಡವ್ವ. ಒಂದು ಮಾಡಿ ಇನ್ನೊಂದು ಬಿಟ್ರ ಚೆಂದ ಕಾಣತೈತೇನು?" ಎನ್ನುತ್ತ ಖಾದರ್ ಚಾಚಾ ಎರಡು ಗಾಲ್ಫ್ ಚೆಂಡುಗಳನ್ನು ನನ್ನ ಕೈಗಿಟ್ಟರು. ಅದು 1998ರ ಜನವರಿಯ ಒಂದು ಗುರುವಾರ. ಹರಪನಹಳ್ಳಿಯಲ್ಲಿ ಜೀಪು, ಲಾರಿಗಳ ತಗ್ಗು ತೆಗೆಯುವ ಅವರಿಗೆ, ಒಂದೇ ಚೆಂಡಿನ ಮೈಮೇಲಿನ ಸಣ್ಣ ಗುಂಡಿಗಳಿಗೆ ತಗ್ಗು ಮುಚ್ಚುವ ಪುಟ್ಟಿ ತುಂಬಿಕೊಡಲು ಬೆಳಿಗ್ಗೆ ಹೇಳಿ ಹೋಗಿದ್ದೆ. ಗುಂಡಿಗಳಿರುವ ಚೆಂಡು ನುಣ್ಣನೆಯದಕ್ಕಿಂತ ದೂರ ಹಾರುತ್ತದೆ ಎಂದು ಮರುದಿನ ಹಡಗಲಿಯ ಶಾಲಾ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕಿತ್ತು. ಇನ್ನೊಂದು ಗಾಲ್ಫ್ ಚೆಂಡು ನಮ್ಮ ಸುತ್ತಲಿನ ಯಾವ ಊರಿನಲ್ಲೂ ಸಿಗುವಂತಿರಲಿಲ್ಲ.

"ಚಾಚಾ, ಗುಂಡಿ ಇದ್ರನ ಅದು ಭಾಳ ದೂರ ಹೋಗತೈತ್ರಿ" ಎಂದೆ. ಅಳು ಬರುವಂತಾಗಿತ್ತು.

ಅವರು ನಂಬಲಿಲ್ಲ. ಆದರೂ ಊಟಕ್ಕೆ ಹೋಗದೆ ಕುಳಿತು, ಪುಟ್ಟಿ ಪೂರ್ತಿ ಗಟ್ಟಿಯಾಗುವ ಮೊದಲೇ ಒಂದು ಚೆಂಡಿನ ಗುಂಡಿಗಳನ್ನೆಲ್ಲ ದಬ್ಬಣದ ಮೊನೆಯಿಂದ ಬಿಡಿಸಿಕೊಟ್ಟರು. ಸಂಜೆ ಕುತೂಹಲದಿಂದ ಮೈದಾನಕ್ಕೂ ಬಂದರು. ಹಾಕಿ ಕೋಲಿನಿಂದ ಎರಡು ಚೆಂಡುಗಳನ್ನೂ ಆರಾರು ಸಲ ಹೊಡೆದೆ. ಐದು ಸಲ ಗುಂಡಿಯ ಚೆಂಡೇ ಬಹಳ ಮುಂದೆ ಹೋಗಿ ಬಿತ್ತು. ಗುಂಡಿಗಳಿದ್ದರೆ ಗಾಳಿ ಚೆಂಡಿನ ಮೈಗೆ ಹತ್ತಿಕೊಂಡೇ ಹರಿಯುತ್ತದೆ, ಹಿಂದಕ್ಕೆ ಎಳೆಯುವುದು ಕಡಿಮೆ ಎಂದು ವಿವರಿಸಿದೆ.

ಚಾಚಾ ಗಲ್ಲ ಕೆರೆದುಕೊಂಡರು. "ಹಂಗಾದ್ರ ರಿಪೇರಿಗೆ ಬಂದಿರೋ ನಿಮ್ಮ ಮಾವನ ಜೀಪಿನ ತಗ್ಗು ಹಂಗ ಬಿಡ್ತೀನಿ ತಗೋ. ಜಲ್ದಿ ಓಡ್ಲಿ."

ಮರುದಿನ ಪ್ರದರ್ಶನದಲ್ಲಿ ಗುಂಡಿಯ ಚೆಂಡೇ ಗೆದ್ದಿತು. ಆದರೆ ಬಂದವರೆಲ್ಲ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ಸವರಿ ನೋಡಿದ್ದು ಸೋತ ಚೆಂಡನ್ನು. ಇಷ್ಟು ನುಣ್ಣಗೆ ಯಾರು ಮಾಡಿದರು ಎಂದು ಕೇಳಿದವರಿಗೆಲ್ಲ ನಾನು ಚಾಚಾನ ಹೆಸರು ಹೇಳಿದೆ.