ಪಾಯಿಂಟಿನ ಪೆಟ್ರೋಲು

ಕಾರು ಕಲಿಸುವ ಆ ಹೆಂಗಸನ್ನು ಬೀದಿಯವರೆಲ್ಲ ಕ್ಲಚ್ಚಕ್ಕ ಎಂದೇ ಕರೆಯುತ್ತಿದ್ದರು. ಪಾಠ ಶುರುವಾಯಿತೆಂದರೆ ಅವಳ "ಕ್ಲಚ್ಚು, ಕ್ಲಚ್ಚು" ಬೀದಿಯ ಆ ತುದಿಗೂ ಕೇಳುತ್ತಿತ್ತು. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳ ಹಳೆಯ ಪುಟ್ಟ ಕಾರು ಮಾತ್ರ ಪೆಟ್ರೋಲನ್ನು ಗಟಗಟ ಕುಡಿಯುತ್ತಿತ್ತು. ಕುಡಿಯದೆ ಏನು ಮಾಡೀತು? ಕಲಿಯಲು ಬಂದವರು ಹತ್ತು ಮಾರಿಗೊಮ್ಮೆ ಎಂಜಿನ್ ಆಫ್ ಮಾಡುತ್ತಿದ್ದರು, ಇಲ್ಲವೇ ಒಂದನೇ ಗೇರಿನಲ್ಲೇ ಊರೆಲ್ಲ ಸುತ್ತುತ್ತಿದ್ದರು. ಬಂದ ಫೀಸಿನಲ್ಲಿ ಅರ್ಧಕ್ಕರ್ಧ ಬಂಕಿನ ಪಾಲಾಗುತ್ತಿತ್ತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಡಿಮೆ, ಕೈ ಬಿಗಿ. ಚೂರು ಬಟ್ಟೆಯನ್ನೂ ಎಸೆಯದೆ ಯಾರದಾದರೂ ಪ್ಯಾಂಟಿಗೆ ಜೇಬು ಮಾಡಿಬಿಡುವವನು. ಲೋಕಕ್ಕೆಲ್ಲ ಕಾರು ಕಲಿಸಿದ ಹೆಂಡತಿ ಅವನಿಗೂ ಕಲಿಸುತ್ತೇನೆಂದು ಮದುವೆಯಾದಾಗಿನಿಂದ ದುಂಬಾಲು ಬಿದ್ದಿದ್ದಳು. ಫೀಸು ಕೊಡದವನಿಗೆ ಪೆಟ್ರೋಲು ಸುಡುವುದು ದಂಡ ಎಂದು ಅವನು ಪ್ರತಿಸಲವೂ ಸೂಜಿಗೆ ದಾರ ಪೋಣಿಸುತ್ತಲೇ ಜಾರಿಕೊಳ್ಳುತ್ತಿದ್ದ.

ಹೀಗಿರುವಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕಲಿಯಲು ಬಂದಳು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಬಂಕಿನಲ್ಲಿ ಕ್ಲಚ್ಚಕ್ಕ ನೋಟು ಎಣಿಸುವುದನ್ನು ಕಂಡು, ಇಷ್ಟೊಂದು ಪೆಟ್ರೋಲು ಹಾಕಿಸುವವರು ಪಾಯಿಂಟು ಕೊಡುವ ಕ್ರೆಡಿಟ್ ಕಾರ್ಡು ಇಟ್ಟುಕೊಂಡಿಲ್ಲವೇ ಎಂದು ಬೆರಗಾದಳು. ಒಂದೇ ಕಂಪನಿಯ ಬಂಕಿನಲ್ಲಿ ಹಾಕಿಸುತ್ತ ಹೋದರೆ ಪಾಯಿಂಟು ಕೂಡುತ್ತದೆ, ಕೂಡಿದ ಪಾಯಿಂಟಿಗೆ ಪೆಟ್ರೋಲೇ ಸಿಗುತ್ತದೆ ಎಂದೆಲ್ಲ ವಿವರಿಸಿದಳು. ಕೊನೆಗೆ ಒಂದು ಮಾತನ್ನು ಒತ್ತಿ ಹೇಳಿದಳು: "ಬಿಲ್ಲು ಬಂದ ಕೂಡ್ಲೇ ಪೂರ್ತಿ ಕಟ್ಟಿಬಿಡಿ ಅಕ್ಕ. ಸ್ವಲ್ಪ ಬಾಕಿ ಇಟ್ಕೊಂಡ್ರೂ ಪಾಯಿಂಟನ್ನೆಲ್ಲ ಬಡ್ಡಿನೇ ನುಂಗಿಹಾಕತ್ತೆ."

ಕಾರ್ಡು ಬಂತು. ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸಾಲವನ್ನು ಇಷ್ಟು ಚೆಂದ ಮಾಡಿ ಕೊಡುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪೆಟ್ರೋಲು ಬಿಟ್ಟು ಬೇರೆ ಯಾವುದಕ್ಕೂ ಕಾರ್ಡು ಹೊರತೆಗೆಯಲಿಲ್ಲ. ಪಾಯಿಂಟಿನ ಆಸೆಗೆ ಸುತ್ತುಬಳಸಿ ದೂರದ ಬಂಕಿಗೂ ಹೋಗಲಿಲ್ಲ. ಫೀಸು ಕೈಸೇರಿದೊಡನೆ ಬಿಲ್ಲಿನ ಹಣವನ್ನು ಮೊದಲು ಎತ್ತಿಟ್ಟಳು. ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಬಿಡಿಗಾಸೂ ಕೊಡದೆ ಟ್ಯಾಂಕು ತುಂಬಿಸಿಕೊಂಡು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು.

"ಏಳಿ. ಇವತ್ತಿಂದ ನಿಮಗೆ ಪಾಠ."

"ಪೆಟ್ರೋಲು?"

"ಅದು ಪಾಯಿಂಟಿಂದು. ಇನ್ನೇನು ನೆಪ ಇದೆ ಹೇಳಿ."

ನೆಪ ಉಳಿದಿರಲಿಲ್ಲ. ಕೊರಳಿನ ಟೇಪನ್ನೂ ತೆಗೆಯದೆ ಎದ್ದು ಬಂದ.

ಹೊಲಿಗೆ ಯಂತ್ರಕ್ಕೆ ಒಗ್ಗಿದ ಕಾಲು ಆಕ್ಸಿಲರೇಟರನ್ನೂ ಹಾಗೇ ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡಿತು. ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ನೆರೆಹೊರೆಯವರು ಕಿಟಕಿಗೆ ಬಂದರು. ಎಂದಿನಂತೆ ಕೂಗಲು ಬಾಯಿ ತೆರೆದ ಕ್ಲಚ್ಚಕ್ಕ, ಕಿವಿ ಕೆಂಪಗಾಗಿ ಸ್ಟಿಯರಿಂಗನ್ನು ತಬ್ಬಿ ಕೂತಿದ್ದ ಗಂಡನನ್ನು ನೋಡಿ ಸುಮ್ಮನಾದಳು.

"ದುಡ್ಡಿನ ಮಾತು ಸುಳ್ಳು," ಎಂದ ಅವನು ಮುಂದೆ ನೋಡುತ್ತಲೇ. "ನಿನ್ನ ಮುಂದೆ ದಡ್ಡ ಅನ್ನಿಸ್ಕೊಳ್ಳೋಕೆ ಮನಸ್ಸಿರಲಿಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ನಂಗೆ ಒಂದು ಗುಂಡಿ ಹೊಲಿಯಕ್ಕೂ ಬರಲ್ಲ. ಆದ್ರೂ ದರ್ಜಿ ಮನೇಲಿ ಇಷ್ಟು ವರ್ಷದಿಂದ ಇಲ್ವಾ? ಕ್ಲಚ್ಚು ಒತ್ತಿ."

ಅವನು ಕಲಿಯುವಷ್ಟರಲ್ಲಿ ಆ ಟ್ಯಾಂಕು ಮುಗಿದು, ಸ್ವಂತ ದುಡ್ಡಿನ ಪೆಟ್ರೋಲೂ ಇನ್ನಷ್ಟು ಹಿಡಿಯಿತು. ಅದರ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಮೊದಲ ಪರೀಕ್ಷೆಯಲ್ಲಿ ಕಂಬಕ್ಕೆ ಮುತ್ತಿಟ್ಟು ಡುಮ್ಕಿ ಹೊಡೆದವನು ಎರಡನೆಯದರಲ್ಲಿ ಪಾಸಾದ.

ಮುಂದಿನ ಭಾನುವಾರ ಅವಳ ತಂಗಿಯ ಮನೆಗೆ ಹೊರಟರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಆ ಸೀಟಿನಲ್ಲಿ ಕೂತಾಗ ಅವಳ ಕಾಲು ಅದರ ಮೇಲಿಂದ ಎಂದೂ ಕದಲಿದ್ದಿಲ್ಲ. ಊರು ದಾಟಿ ರಸ್ತೆ ನೇರವಾಯಿತು. ಮೂರನೇ ಗೇರು, ನಾಲ್ಕನೇ ಗೇರು. ಹದವಾಗಿ ಬಿಡುತ್ತಿದ್ದಾನೆ ಎಂದುಕೊಂಡದ್ದಷ್ಟೇ ಅವಳಿಗೆ ನೆನಪು.

ಕಣ್ಣು ಬಿಟ್ಟಾಗ ಕಾರು ತಂಗಿಯ ಮನೆ ಮುಂದೆ ನಿಂತಿತ್ತು. ಅವಳ ಕಾಲುಗಳು ಸೀಟಿನ ಮೇಲೆ ಮಡಚಿಕೊಂಡಿದ್ದವು. ಗಂಡ ಸದ್ದಿಲ್ಲದೆ ಪಕ್ಕದಲ್ಲೇ ಕೂತಿದ್ದ. ಬಾಗಿಲಲ್ಲಿ ತಂಗಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಎಬ್ಬಿಸಬಾರದಿತ್ತೇ ಎಂದು ಕ್ಲಚ್ಚಕ್ಕ ಗಂಡನನ್ನು ಗದರಿದಳು.

"ಪಾಪ, ಚೆನ್ನಾಗಿ ನಿದ್ದೆ ಬಂದಿತ್ತು," ಎಂದ ಅವನು.