ಕೊಸರಿನ ಪಾವು

ಮೊನ್ನೆ ಪುತ್ತೂರಿನ ಅಂಗಡಿಯೊಂದರಲ್ಲಿ ಅವಲಕ್ಕಿ ತೂಗಿಸುತ್ತಿದ್ದೆ. ತಕ್ಕಡಿಯಲ್ಲಿ ಒಂದು ಕಿಲೋದ ಮೇಲೆ ನಾಲ್ಕು ಗ್ರಾಂ ಬಂತು. ಅಂಗಡಿಯವರು ಎರಡು ಬೆರಳಲ್ಲಿ ಚಿಟಿಕೆ ಅವಲಕ್ಕಿ ಎತ್ತಿ ಗೋಣಿಗೆ ವಾಪಸು ಹಾಕಿದರು. ಗೋಣಿಯಿಂದ ಎದ್ದ ಪರಿಮಳಕ್ಕೆ ನನಗೆ ದೊಡ್ಡಮ್ಮನ ಜಗಲಿ ನೆನಪಾಯಿತು...

ನಾನು ಮದುವೆಯಾಗಿ ನರಿಮೊಗರಿಗೆ ಬಂದ ಹೊಸತು. ನೆರೆಮನೆಯ ಅವರನ್ನು ಊರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿತ್ತು. ಮನೆಯಲ್ಲೇ ಅವಲಕ್ಕಿ ಕುಟ್ಟಿ ಮಾರುತ್ತಿದ್ದರು. ಅಳೆಯಲಿಕ್ಕೆ ತವರಿನಿಂದ ತಂದ ಮರದ ಪಾವು. ನಾಲ್ಕು ಪಾವಿಗೆ ಒಂದು ಸೇರು. ಮೊದಲನೆಯದನ್ನು ಒಂದು ಎನ್ನುತ್ತಿರಲಿಲ್ಲ. ಲಾಭ, ಎರಡು, ಮೂರು, ನಾಲ್ಕು... ಕೊನೆಗೆ ಲೆಕ್ಕದ ಮೇಲೆ ಒಂದು ಮುಷ್ಟಿ ಕೊಸರು. ಆ ಮುಷ್ಟಿ ಬೀಳದೆ ಯಾರೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ.

ಒಂದು ದಿನ ನಾನು ಚೀಲ ಹಿಡಿದು ನಿಂತಿದ್ದಾಗಲೇ ತೂಕ-ಅಳತೆ ಇಲಾಖೆಯ ಅಧಿಕಾರಿ ಬಂದರು. ಪಾವನ್ನು ತಿರುಗಿಸಿ ನೋಡಿದರು.

"ಇದಕ್ಕೆ ಮುದ್ರೆ ಎಲ್ಲಿದೆ ಅಮ್ಮ? ಸೇರು, ಪಾವು ಎಲ್ಲ ಸರಕಾರ ಯಾವತ್ತೋ ನಿಲ್ಲಿಸಿದೆ. ಕಿಲೋದಲ್ಲೇ ಮಾರಬೇಕು. ಇದನ್ನು ನಾನು ತೆಗೆದುಕೊಂಡು ಹೋಗ್ತೇನೆ."

"ಅದು ನನ್ನ ಅಮ್ಮ ಕೊಟ್ಟದ್ದು ಮಾರಾಯ್ರೆ. ಬೇಕಾದ್ರೆ ನನ್ನನ್ನೇ ಕರ್ಕೊಂಡು ಹೋಗಿ."

ಪಾವು ಅವರ ಬ್ಯಾಗಿಗೆ ಇಳಿಯಿತು. ದೊಡ್ಡಮ್ಮನ ಮುಖ ಸಣ್ಣದಾಯಿತು. ಆದರೂ ಒಳಗೆ ಹೋಗಿ, ಬಂದವರಿಗೆಲ್ಲ ಕೊಡುವಂತೆ ಬೆಲ್ಲ, ನೀರು ತಂದಿಟ್ಟರು. ಅಧಿಕಾರಿ ಕುಡಿಯುತ್ತಿದ್ದಾಗ ಮೆಲ್ಲ ಕೇಳಿದರು:

"ನಾಳೆಯೇ ತಕ್ಕಡಿ ತರಿಸ್ತೇನೆ. ತೂಗಿದ ಮೇಲೆ ಕೊಸರು ಹಾಕುದುಂಟಲ್ಲ, ಅದಕ್ಕೂ ಮುದ್ರೆ ಬೇಕಾ?"

"ಧರ್ಮಕ್ಕೆ ಕೊಡುವುದಕ್ಕೆ ಎಂತ ಮುದ್ರೆ?"

"ಹಾಗಾದ್ರೆ ಅದನ್ನು ಇಲ್ಲಿಡಿ. ಇನ್ನು ಅದು ಮಾರುವ ಪಾವಲ್ಲ, ಕೊಸರಿನ ಪಾವು."

ಅಧಿಕಾರಿಗೆ ನಗು ಬಂದು ನೀರು ನೆತ್ತಿಗೇರಿತು. ಕೆಮ್ಮುತ್ತಲೇ ಪಾವನ್ನು ಹೊರತೆಗೆದು ಜಗಲಿಯ ಮೇಲಿಟ್ಟರು. "ಮಾತು ತಪ್ಪಬಾರದು" ಎಂದರು.

ದೊಡ್ಡಮ್ಮ ಮಾತು ತಪ್ಪಲಿಲ್ಲ. ಮುದ್ರೆ ಬಿದ್ದ ಹೊಸ ತೂಕದ ಬಟ್ಟುಗಳನ್ನಿಟ್ಟು ಕಿಲೋ ತೂಗುತ್ತಿದ್ದರು. ಆಮೇಲೆ ಕೊಸರು. ಮೊದಲು ಒಂದು ಮುಷ್ಟಿ ಇದ್ದದ್ದು ಈಗ ಒಂದು ಇಡೀ ಪಾವು! ನನ್ನ ಅತ್ತೆ ಚೇಷ್ಟೆ ಮಾಡುತ್ತಿದ್ದರು: "ಹೀಗೆ ಕೊಟ್ರೆ ನಿಮಗೆ ಎಂತ ಉಳಿಯುದು?"

"ಪಾವು ಉಳಿದಿದೆಯಲ್ಲ ಮಾರಾಯ್ತಿ" ಎಂದು ದೊಡ್ಡಮ್ಮ ಅದರ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದರು.

ಅವರು ಹೋಗಿ ವರ್ಷಗಳಾದವು. ಆ ಪಾವು ಈಗ ಯಾರಲ್ಲಿದೆಯೋ ಗೊತ್ತಿಲ್ಲ... ಮೊನ್ನೆ ಮನೆಗೆ ಬಂದು ಅವಲಕ್ಕಿಯನ್ನು ಡಬ್ಬಿಗೆ ಸುರಿದೆ. ತೂಕ ಸರಿಯಾಗಿಯೇ ಇತ್ತು. ಆದರೂ ಕೊಸರಿಗೆ ಕಾಯುವವಳ ಹಾಗೆ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.