ಕೆಂಪು ರಾಗಿಯ ಐದು ಕುಂಡ

ಚೂಡಾಮಣಿಯವರು ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ಅವರ ಸಾಮಾನೆಂದರೆ ಒಂದು ಟ್ರಂಕು, ಒಂದು ಸ್ಟವ್ವು, ಹತ್ತು ಮಣ್ಣಿನ ಕುಂಡ. ಮದುವೆಯಾಗಿರಲಿಲ್ಲ, ಹುಡುಕಿಕೊಂಡು ಬರುವವರೂ ಇರಲಿಲ್ಲ. ಬೆಳೆರೋಗದ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಸಹಾಯಕಿ. ಜನ್ಮದಲ್ಲಿ ಒಂದು ಮುದ್ದೆ ಉಂಡವರಲ್ಲ, ರಾಗಿಯ ಒಳಗುಟ್ಟೆಲ್ಲ ಮಾತ್ರ ಅವರಿಗೇ ಬೇಕು!

ಸಂಜೆ ಕಾಫಿಗೆ ಕೆಳಗೆ ಬಂದರೆ ಅದೇ ಮಾತು. "ಗಂಗರತ್ನಮ್ಮನೋರೇ, ಕೆಂಪು ರಾಗಿ ತಾನು ಮಾಡ್ಕೊಂಡ ಸಕ್ಕರೇಲಿ ಒಂದು ಪಾಲನ್ನ ಒಗರು ಮಾಡಿ ಇಟ್ಕೊಳ್ಳುತ್ತೆ. ಬೂಷ್ಟಿಗೆ ಆ ಒಗರು ಆಗಲ್ಲ. ಬಿಳಿ ರಾಗೀಲಿ ಅದು ಕಮ್ಮಿ, ಅದಕ್ಕೇ ಬೂಷ್ಟಿಂದ ಬರೋ ಬೆಂಕಿ ರೋಗ ಬೇಗ ಹತ್ಕೊಳ್ಳೋದು."

೧೯೯೬ರ ಮಳೆಗಾಲದಲ್ಲಿ ಐದು ಕುಂಡಕ್ಕೆ ಬಿಳಿ, ಐದಕ್ಕೆ ಕೆಂಪು ರಾಗಿ ಹಾಕಿದರು. ರೋಗದ ಎಲೆ ತೊಳೆದ ನೀರನ್ನು ಎಲ್ಲಕ್ಕೂ ಚಿಮುಕಿಸುವುದು, ಕೆಂಪು ಉಳಿದರೆ ಅವರ ಸಾಹೇಬರು ಬಂದು ನೋಡುವುದು, ಸರಿ ಕಂಡರೆ ವರದಿಯಲ್ಲಿ ಚೂಡಾಮಣಿಯವರ ಹೆಸರು ಹಾಕುವುದು ಎಂದು ಮಾತಾಗಿತ್ತು. ಮೂವತ್ತು ವರ್ಷದಲ್ಲಿ ಆ ಹೆಸರು ಎಲ್ಲೂ ಬಂದಿರಲಿಲ್ಲ. ಜನವರಿಗೆ ರಿಟೈರು.

ಪೈರು ಬಡಕಲಾಗಿ ನಿಂತಿತ್ತು. "ನಮ್ಮೂರಲ್ಲಾದ್ರೆ ನಗ್ತಾರೆ ಕಣ್ರೀ," ಅಂದೆ. "ಹಾಗೇ ಇರ್ಬೇಕು, ಮುಟ್ಬೇಡಿ ಮತ್ತೆ," ಅಂದರು.

ಹಳ್ಳಿಯಲ್ಲಿ ಹುಟ್ಟಿದ ನನ್ನ ಕೈ ಸುಮ್ಮನಿರಬೇಕಲ್ಲ! ಅವರು ಕೆಲಸಕ್ಕೆ ಹೋದಾಗ, ಗುಲಾಬಿಗೆಂದು ಇಟ್ಟಿದ್ದ ಯೂರಿಯಾವನ್ನು ಅಕ್ಕಿ ತೊಳೆದ ನೀರಿಗೆ ಕದಡಿ ಒಂದು ವಾರ ಹುಯ್ದೆ. ಕೆಂಪಿಗೆ ಮಾತ್ರ. ಬಿಳಿ ರಾಗಿ ನಮಗೆ ರಾಗಿಯೇ ಅಲ್ಲ. ಪೈರು ಕಡುಹಸಿರಾಗಿ ಸೊಕ್ಕಿ ಎದ್ದಿತು. ನನಗೋ ಹಿಗ್ಗು.

ರೋಗದ ನೀರು ಚಿಮುಕಿಸಿದ ಹತ್ತೇ ದಿನಕ್ಕೆ ಕೆಂಪು ರಾಗಿಯ ಎಲೆಯೆಲ್ಲ ಸುಟ್ಟ ಹಾಗೆ ಚುಕ್ಕೆ. ಬಿಳಿಗಿಂತ ಹೆಚ್ಚು.

"ನೀವೇನಾದ್ರೂ ಹಾಕಿದ್ರಾ?" ಚೂಡಾಮಣಿಯವರು ಮೆಲ್ಲಗೆ ಕೇಳಿದರು.

"ನಾನ್ಯಾಕ್ರೀ ಹಾಕ್ಲಿ?" ಅಂದುಬಿಟ್ಟೆ. ಹೆದರಿಕೆ, ಮೇಲೆ ಒಣ ಜಂಬ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಅವರು ಮತ್ತೆ ಕೇಳಲಿಲ್ಲ. ಬರುವುದು ಬೇಡವೆಂದು ಸಾಹೇಬರಿಗೆ ಹೇಳಿ ಕಳಿಸಿದರು. ಕಾಫಿಗೆ ಇಳಿದು ಬರುವುದೂ ನಿಂತಿತು. ರಿಟೈರಾದ ತಿಂಗಳೇ ವೈಯಾಲಿಕಾವಲ್‌ನ ಒಂದು ರೂಮಿಗೆ ಹೋದರು.

ಏಳು ವರ್ಷ ಕಳೆದ ಮೇಲೆ, ತಡೆಯಲಾರದೆ, ಆ ರೂಮು ಹುಡುಕಿಕೊಂಡು ಹೋಗಿ ಎಲ್ಲ ಹೇಳಿ ಅತ್ತುಬಿಟ್ಟೆ.

"ಚುಕ್ಕೆ ಎದ್ಮೇಲೆ ಎಲೆ ಬಣ್ಣ ಸರಿಯಾಗಿ ನೋಡಿದಾಗ್ಲೇ ಗೊತ್ತಾಯ್ತು," ಅಂದರು ಚೂಡಾಮಣಿಯವರು. "ಗೊಬ್ಬರ ಜಾಸ್ತಿ ಆದ್ರೆ ಗಿಡ ಬೆಳೆಯೋದ್ರಲ್ಲೇ ಇರುತ್ತೆ, ಒಗರು ಸಾಕಷ್ಟು ಮಾಡ್ಕೊಳ್ಳಲ್ಲ. ನೀವು ಹೌದು ಅಂದಿದ್ರೆ, ಒಗರು ಕಮ್ಮಿ ಆದ್ರೆ ಕೆಂಪಿಗೂ ರೋಗ ಬರುತ್ತೆ ಅಂತ ಸಾಹೇಬ್ರಿಗೆ ಅದನ್ನೇ ತೋರಿಸ್ತಿದ್ದೆ."

"ನೀವೇ ಹೇಳ್ಬೋದಿತ್ತಲ್ಲ ಮತ್ತೆ?"

"ನೀವು ಇಲ್ಲ ಅಂದ್ರಲ್ಲ. ದಿನಾ ನನ್ನನ್ನ ಮಾತಾಡಿಸ್ತಿದ್ದೋರು ನೀವೊಬ್ರು. ನಿಮ್ಮನ್ನ ಸುಳ್ಳಿ ಅಂತ ಹೇಗೆ ತೋರಿಸ್ಲಿ?"

ಎದ್ದು ಟ್ರಂಕಿನಿಂದ ಹಳೆಯ ನೋಟ್‌ಪುಸ್ತಕ ತೆಗೆದರು. ಕೆಂಪು ರಾಗಿಯ ಪುಟದಲ್ಲಿ ಗೊಬ್ಬರದ ಸಾಲೊಂದನ್ನು ಖಾಲಿ ಬಿಟ್ಟಿದ್ದರು.

"ಎಷ್ಟು ಹಾಕಿದ್ರಿ?"

"ಐದಕ್ಕೂ ಸೇರಿ ಒಂದು ಹಿಡಿ."

ಕನ್ನಡಕ ಹಾಕಿಕೊಂಡು, ನಿಧಾನವಾಗಿ ಬರೆದುಕೊಂಡರು. ಆ ಪುಸ್ತಕ ತೆರೆದು ನೋಡುವ ಸಾಹೇಬರು ಈಗ ಯಾರೂ ಇರಲಿಲ್ಲ.